ಬೈಗುಳ ಬಿದ್ದ ಅಂಗಳ

ಕಥೆ ಕೇಳುವವರು ಹೂಂ ಅನ್ನಬೇಕು. ಪಾರಿಶ್ವಾಡದ ನಮ್ಮ ಮನೆಯಲ್ಲಿ ಇದು ಅಜ್ಜಿ ಹಾಕಿದ ಕಟ್ಟಳೆ. ಮೊರದಲ್ಲಿ ಜೋಳ ಹಸನು ಮಾಡುತ್ತ ಅವಳು ಕಥೆ ಎತ್ತಿಕೊಂಡಳೆಂದರೆ ನಾವು ಮಾತುಮಾತಿಗೂ ಹೂಂಗುಟ್ಟುತ್ತ ಕೂರಬೇಕು. ಯಾರಾದರೂ ತೂಕಡಿಸಿ ಹೂಂ ತಪ್ಪಿತೋ, ಮೊರ ಕೆಳಗಿಡುತ್ತಿದ್ದಳು.

"ರಾಜನ ಮಗ ಕಾಡಿನ್ಯಾಗ ನಿಂತಾನ. ನೀವು ಹೂಂ ಅನ್ನೂತನಾ ಅಲ್ಲೇ ನಿಂತಿರತಾನ. ಅವನ ಕಾಲ ನೋಯಂಗಿಲ್ಲೇನ, ಖೋಡಿಗಳ್ರಾ?"

ನಾವು ಗಾಬರಿಯಾಗಿ ಒಟ್ಟಿಗೆ ಹೂಂ ಅನ್ನುತ್ತಿದ್ದೆವು. ರಾಜನ ಮಗ ಮತ್ತೆ ನಡೆಯುತ್ತಿದ್ದ.

ಅಜ್ಜಿಯ ಇನ್ನೊಂದು ಕಟ್ಟಳೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನನ್ನು ಮುಳುಗಿಸಿದ್ದು ಅದೇ. ಊರಲ್ಲಿ ಬದುವಿಗೋ ನೀರಿಗೋ ಜಗಳವಾಗಿ ಯಾರಾದರೂ ನಮ್ಮ ಮನೆ ಮುಂದೆ ನಿಂತು ಬಾಯಿಗೆ ಬಂದದ್ದು ಬೈದರೆ ಅಜ್ಜಿ ತಿರುಗಿ ಒಂದು ಮಾತು ಆಡುತ್ತಿರಲಿಲ್ಲ. ಅವರು ಗಂಟಲು ಸೋತು ಹೋದ ಮೇಲೆ ಸೆಗಣಿ ಕಲಸಿ, ಅವರು ನಿಂತಿದ್ದ ಜಾಗದಿಂದ ಹೊಸ್ತಿಲವರೆಗೆ ಅಂಗಳ ಸಾರಿಸುತ್ತಿದ್ದಳು. ರಂಗೋಲಿ ಎಳೆಯುತ್ತಿದ್ದಳು. ಆಮೇಲೆ ಕೈಕಾಲು ತೊಳೆದು ಲಿಂಗಪೂಜೆ. ಬೈಗುಳ ಬಿದ್ದ ನೆಲ ದಾಟಿ ಪೂಜೆಗೆ ಕೂರಬಾರದು ಎಂಬುದು ಅವಳ ಲೆಕ್ಕ. ಯಾರು ಏನಂದರು ಎಂದು ಅಪ್ಪ ಹೊಲದಿಂದ ಬಂದು ಕೇಳಿದರೆ, "ಎಲ್ಲೆಪಾ, ಅಂಗಳ ಸ್ವಚ್ಛ ಐತಲ್ಲ" ಎನ್ನುತ್ತಿದ್ದಳು. ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಅಂಗಳದ ಜಗಳಗಳು ಹಾಗೆ ಮುಗಿಯುವಂಥವಾಗಿದ್ದವು.

ನಾನೀಗ ಬೆಳಗಾವಿಯಲ್ಲಿ, ಹಿಂಡಲಗಾ ರಸ್ತೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುತ್ತೇನೆ. ಬೆಳಿಗ್ಗೆ ರೈಲು ಹಿಡಿದು ಖಾನಾಪುರಕ್ಕೆ ಹೋಗಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತೇನೆ, ಸಂಜೆ ತಿರುಗಿ ಬರುತ್ತೇನೆ. ನಮ್ಮ ಯಜಮಾನರು ಇದ್ದಾಗ ಅವರೇ ನನ್ನ ಹೂಂ. ರೈಲಿನಲ್ಲಿ ಕಂಡದ್ದು, ತರಗತಿಯಲ್ಲಿ ಕೇಳಿದ್ದು ಎಲ್ಲವನ್ನೂ ರೊಟ್ಟಿ ಬಡಿಯುತ್ತ ನಾನು ಹೇಳಿದರೆ ಅವರು ಪೇಪರಿನ ಹಿಂದಿನಿಂದ ಹೂಂ ಅನ್ನುತ್ತಿದ್ದರು. ಕೇಳುತ್ತಿದ್ದರೋ ಇಲ್ಲವೋ, ದೇವರೇ ಬಲ್ಲ. ಅವರು ಹೋದ ಮೇಲೆ ರೊಟ್ಟಿ ಬಡಿಯುವ ಸಪ್ಪಳ ಮನೆಯಲ್ಲಿ ಇಷ್ಟು ದೊಡ್ಡದಾಗಿ ಕೇಳುತ್ತದೆಂದು ಗೊತ್ತಾಯಿತು.

ತರಗತಿಯ ಹುಡುಗಿಯೊಬ್ಬಳು, ದೇಸೂರಿನಿಂದ ನಾನಿರುವ ಡಬ್ಬಿಗೇ ಹತ್ತಿ ದಿನಾ ನನ್ನ ಪಕ್ಕದಲ್ಲೇ ಕೂತು ಬರುವವಳು, ಒಂದು ದಿನ ನನ್ನ ಮೊಬೈಲು ಕಸಿದುಕೊಂಡಳು.

"ಬಾಯಾರ, ಇಷ್ಟ ಕಥಿ ನನಗೊಬ್ಬಾಕಿಗೇ ಹೇಳಿ ನನ್ನ ಕಿವಿ ಯಾಕ ತೂತ ಮಾಡತೀರಿ? ಊರಿಗೆಲ್ಲಾ ಹೇಳ್ರಿ" ಎಂದು ನನ್ನ ಹೆಸರಿನಲ್ಲಿ ಒಂದು ಪುಟ ತೆರೆದುಕೊಟ್ಟಳು.

ಸಂಜೆ ದೀಪ ಹಚ್ಚಿದ ಮೇಲೆ ಮೊಬೈಲನ್ನು ಚಹಾಪುಡಿ ಡಬ್ಬಿಗೆ ಒರಗಿಸಿಟ್ಟು ಅಜ್ಜಿಯ ಕಥೆಗಳನ್ನು ಹೇಳತೊಡಗಿದೆ. ಕೇಳುವವರೇನೂ ಜಾತ್ರೆ ಸೇರಲಿಲ್ಲ. ತರಗತಿಯವರು, ಪಾರಿಶ್ವಾಡದಲ್ಲಿರುವ ಅಣ್ಣನ ಹೆಂಡತಿ ನಮ್ಮ ವೈನಿ, ಎಲ್ಲೆಲ್ಲಿಯದೋ ಕೆಲವರು. ಕೆಲವರು ಹೂವಿನ ಚಿತ್ರ ಹಾಕುತ್ತಿದ್ದರು, ಕೆಲವರು ಕೈಮುಗಿಯುತ್ತಿದ್ದರು. ಒಬ್ಬರು ಮಾತ್ರ ಪ್ರತಿ ಕಥೆಯ ಕೆಳಗೂ ಒಂದೇ ಮಾತು ಬರೆಯುತ್ತಿದ್ದರು: ಹೂಂ.

ಅಷ್ಟೇ. ಬೇರೆ ಏನೂ ಇಲ್ಲ. ಅದನ್ನು ಮೊದಲ ಸಲ ಓದಿದಾಗ ಒಲೆಯ ಮುಂದೆ ನಿಂತಲ್ಲೇ ನಾನು ನಕ್ಕೆ. ಕಥೆ ಹೇಳಿ ಮುಗಿಸಿದೊಡನೆ ಅದು ಬಂದಿದೆಯೋ ಎಂದು ನೋಡುವುದು ಅಭ್ಯಾಸವಾಯಿತು. ಒಂದು ದಿನ ತಡವಾದರೆ ರಾಜನ ಮಗ ಕಾಡಿನಲ್ಲಿ ನಿಂತೇ ಇದ್ದಾನೆ ಎನಿಸುತ್ತಿತ್ತು.

ಆಮೇಲೆ ಅವರು ನನಗೊಬ್ಬಳಿಗೇ ಕಾಣುವಂತೆ ಇನ್‌ಬಾಕ್ಸಿಗೆ ಬರೆಯತೊಡಗಿದರು. "ಅಕ್ಕಾರ, ಊಟ ಆತ್ರಿ?" ಕೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಕಡೆ ದಾರಿಯಲ್ಲಿ ಸಿಕ್ಕವರೂ ಊಟದ ಮಾತೇ ಮೊದಲು ಕೇಳುತ್ತಾರೆ. ಕೆಲವು ದಿನ ಕಳೆದ ಮೇಲೆ, "ನಿನ್ನಿ ಉಟ್ಟ ಹಸರ ಸೀರಿ ಬಾಳ ಒಪ್ಪಿತ್ರಿ." ಆಮೇಲೆ, "ಇವತ್ತ ಯಾಕ ಕಥಿ ತಡಾ? ರೈಲು ತಡಾ ಆತೇನ?" ನನ್ನ ಊಟ, ಸೀರೆ, ರೈಲು ಎಲ್ಲವೂ ಒಂದೊಂದಾಗಿ ಅವರ ಕೈಗೆ ಹೋಗುತ್ತಿವೆ ಎಂಬುದು ನನಗೆ ಹೊಳೆಯಲಿಲ್ಲ. ಹೊಳೆದಿತ್ತೋ ಏನೋ, ಹೂಂ ತಪ್ಪಿಹೋದೀತೆಂದು ಅತ್ತ ನೋಡಲಿಲ್ಲ.

ಕಡೆಗೆ ಬಂತು: "ವಿಡಿಯೋ ಕಾಲ್ ಮಾಡ್ರಿ. ನನಗೊಬ್ಬನಿಗೇ ಕಥಿ ಹೇಳ್ರಿ."

ಆಗುವುದಿಲ್ಲ, ತಮ್ಮಾ, ಕಥೆ ಎಲ್ಲರಿಗೂ ಸೇರಿದ್ದು ಎಂದು ಬರೆದೆ. ಉತ್ತರ ತಕ್ಷಣ ಬಂತು.

"ನಾ ಹೂಂ ಅನ್ನಲಿಲ್ಲಂದ್ರ ನಿನ್ನ ಕಥಿ ಯಾರ ಕೇಳತಾರ? ಒಂಟಿ ಹೆಂಗಸಿಗೆ ಇಷ್ಟ ಸೊಕ್ಕ ಯಾಕ?"

ಅಕ್ಕಾರ ಎಂಬ ಕರೆ ಹೋಗಿತ್ತು. ಹೊಗಳಿ ಹೊಗಳಿ ಹತ್ತಿರ ಬಂದು, ತನಗೊಬ್ಬನಿಗೇ ಬೇಕೆಂದು ಕೇಳಿ, ಕೊಡದಿದ್ದಾಗ ಹೆದರಿಸುವುದು. ಇದರ ಮೂರೂ ಮೆಟ್ಟಿಲು ಒಂದೇ ಏಣಿಯವು ಎಂದು ನನಗೆ ಅಂದು ಕಂಡಿತು. ಆ ಖಾತೆಯನ್ನು ಬ್ಲಾಕ್ ಮಾಡಿದೆ. ಪೀಡೆ ಕಳೆಯಿತೆಂದುಕೊಂಡೆ.

ಮಾರನೆಯ ವಾರದಿಂದ ಗುರುತಿಲ್ಲದ ಹೆಸರುಗಳಿಂದ ಹೊಲಸು ಸಂದೇಶಗಳು ಬರತೊಡಗಿದವು. ಅವುಗಳಲ್ಲಿ ಏನಿತ್ತೆಂದು ನಾನು ಬರೆಯುವುದಿಲ್ಲ. ಬೆಳಿಗ್ಗೆ ಎದ್ದು ಮೊಬೈಲು ತೆರೆದರೆ ಹೊಸ್ತಿಲ ಮುಂದೆ ಯಾರೋ ಹೇಲು ಹಾಕಿ ಹೋದಂತೆ ಬಿದ್ದಿರುತ್ತಿದ್ದವು. ನಾನು ಏನು ಮಾಡುತ್ತಿದ್ದೆ? ಅಜ್ಜಿ ಮಾಡಿದ್ದನ್ನೇ ಮಾಡುತ್ತಿದ್ದೆ. ಸ್ನಾನ ಮಾಡಿ, ಲಿಂಗಪೂಜೆಗೆ ಕೂರುವ ಮುನ್ನ, ಎಲ್ಲವನ್ನೂ ಒಂದೂ ಬಿಡದೆ ಅಳಿಸಿಹಾಕಿ, ಕೈ ತೊಳೆದು, ವಿಭೂತಿ ಹಚ್ಚಿಕೊಳ್ಳುತ್ತಿದ್ದೆ. ಅಂಗಳ ಸ್ವಚ್ಛ.

ಆದರೆ ಸುತ್ತ ಏನೋ ಬದಲಾಗತೊಡಗಿತು. ತರಗತಿಯಲ್ಲಿ ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ಬರೀ ಮಷೀನಿನ ಸಪ್ಪಳ. ಇಬ್ಬರು ಹೇಳದೆ ಕೇಳದೆ ಬರುವುದನ್ನು ಬಿಟ್ಟರು. ಸೋಮವಾರ ತಪ್ಪದೆ ಫೋನು ಮಾಡುತ್ತಿದ್ದ ವೈನಿ ಮಾಡಲಿಲ್ಲ. ನಾನೇ ಮಾಡಿದರೆ, "ಎಮ್ಮಿ ಹಿಂಡೂದೈತಿ" ಎಂದು ಇಟ್ಟುಬಿಟ್ಟರು. ಅದು ಮಟಮಟ ಮಧ್ಯಾಹ್ನ. ಯಾವ ಎಮ್ಮೆ ಮಧ್ಯಾಹ್ನ ಹಾಲು ಕೊಡುತ್ತದೆ?

ಕೊನೆಗೆ ದೇಸೂರಿನ ಹುಡುಗಿ ರೈಲಿನಲ್ಲಿ ಬಾಯಿಬಿಟ್ಟಳು. ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು.

"ಬಾಯಾರ, ನಿಮ್ಮ ಹೆಸರಿಂದು, ನಿಮ್ಮ ಫೋಟೋದ್ದು ಇನ್ನೊಂದು ಖಾತೆ ಐತ್ರಿ. ಅದರಿಂದ ನಮ್ಮೆಲ್ಲಾರಿಗೂ ಮೆಸೇಜ್ ಬಂದಾವು. ಹೊಲಸ ಹೊಲಸ."

"ನಾ ಕಳಿಸೇನಂತ ಅನ್ಕೊಂಡ್ಯಾ?"

"ನಾ ಅನ್ಕೊಂಡಿಲ್ರಿ." ಕಿಟಕಿಯ ಸರಳು ಕೆರೆಯುತ್ತ, "ಉಳದಾವ್ರು ಅಂತಾರ್ರಿ, ಒಬ್ಬಾಕೀನೇ ಇದ್ದು ಇದ್ದು ಬಾಯಾರಿಗೆ ಹಿಂಗ ಆಗೇತಿ ಅಂತ."

ಒಬ್ಬಳೇ ಇರುವುದೇ ನನ್ನ ವಿರುದ್ಧ ಸಾಕ್ಷಿಯಾಗಿತ್ತು. ಆ ಸಂಜೆ ಚಹಾಪುಡಿ ಡಬ್ಬಿಯ ಮುಂದೆ ಕೂತೆ. ಒಂದಾನೊಂದು ಊರಿನಲ್ಲಿ ಎನ್ನಲು ಬಾಯಿ ತೆರೆದೆ. ಬರಲಿಲ್ಲ. ನನ್ನ ಬಾಯಿಂದ ಏನು ಹೊರಟರೂ ಅವರಿಗೆ ಆ ಇನ್ನೊಬ್ಬಳ ಮಾತೇ ಕೇಳಿಸುತ್ತದೆ ಅನಿಸಿತು. ಅಜ್ಜಿಯಿಂದ ನನಗೆ ಬಂದ ಆಸ್ತಿ ಎಂದರೆ ಈ ಬಾಯಿಯೊಂದೇ. ಅದು ಮತ್ತೆ ನನ್ನದಾಗುತ್ತದೋ ಇಲ್ಲವೋ ಎಂಬುದನ್ನು ಬಿಟ್ಟು ನನಗೆ ಬೇರೆ ಚಿಂತೆಯೇ ಉಳಿಯಲಿಲ್ಲ.

ಮಹಡಿಯ ಮೇಲಿನ ಮನೆಯೊಡತಿ, ನಾನು ಕಾಕು ಎನ್ನುವ ಮರಾಠಿ ಹೆಂಗಸು, ವಿಷಯ ಕೇಳಿ ಎದೆ ಬಡಿದುಕೊಂಡರು. "ಅಗ ಬಾಯೀ, ಆ ಫೋನ ಬಂದ್ ಮಾಡಿ ಒಗೀರಿ ಅಲ್ಲೆ. ಪೊಲೀಸ್ ಬಿಲೀಸ್ ನಕೋ. ಹೆಣ್ಣಮಕ್ಕಳ ಹೆಸರ ಒಮ್ಮಿ ಪೊಲೀಸರ ಕಾಗದದ ಮ್ಯಾಲ ಬಿತ್ತಂದ್ರ ಮುಗೀತು."

"ಈಗ ಎಲ್ಲಾರ ಫೋನಿನ ಮ್ಯಾಲ ಬಿದ್ದೈತೆಲ್ಲ ಕಾಕು. ಕಾಗದ ಅದಕ್ಕಿಂತ ಸಣ್ಣದು" ಎಂದೆ. ಅದು ಧೈರ್ಯದ ಮಾತಲ್ಲ, ದಣಿದವಳ ಮಾತು.

ಸೈಬರ್ ಠಾಣೆಯಲ್ಲಿ ನನಗೆ ಮಗಳಾಗುವ ವಯಸ್ಸಿನ ಅಧಿಕಾರಿಯೊಬ್ಬಳಿದ್ದಳು. ಕುಂದರ್ರಿ ಎಂದಳು. ಮೊಬೈಲು ತೋರಿಸ್ರಿ ಎಂದಳು. ನಾನು ತೋರಿಸಿದೆ. ಆಕೆ ಮೇಲೆ ಕೆಳಗೆ ಸರಿಸಿ ನೋಡಿದಳು.

"ಎಲ್ಲಿ ಅದಾವ್ರಿ ಮೆಸೇಜು?"

"ಅಳಿಸೇನ್ರಿ."

"ಎಲ್ಲಾ?"

"ದಿನಾ ಪೂಜಿಗೆ ಮೊದಲ."

ಆಕೆ ನಗಲಿಲ್ಲ, ಬೈಯಲೂ ಇಲ್ಲ. ಪೆನ್ನು ಮೇಜಿನ ಮೇಲಿಟ್ಟಳು. "ನಮ್ಮವ್ವನೂ ಇದನ್ನ ಮಾಡತಿದ್ಲೇನೋ" ಎಂದಳು. "ಆ ಸುಳ್ಳ ಖಾತೆ?"

ಅದನ್ನೂ ದೇಸೂರಿನ ಹುಡುಗಿ ಮತ್ತು ಅವಳ ಗೆಳತಿಯರು ಸೇರಿ ರಿಪೋರ್ಟ್ ಮಾಡಿ ಮಾಡಿ ತೆಗೆಸಿಬಿಟ್ಟಿದ್ದರು. ನನಗೆ ಒಳ್ಳೆಯದಾಗಲೆಂದೇ ಮಾಡಿದ್ದು. ಎರಡು ದಿನಕ್ಕೆ ಅಂಥದ್ದೇ ಇನ್ನೊಂದು ಹುಟ್ಟಿತ್ತು. ಅದರ ಗೋಡೆ ಬೋಳು, ನನ್ನ ಫೋಟೋ ಒಂದೇ.

"ಇನ್ನ ಮ್ಯಾಲ ಹಂಗ ಮಾಡಬ್ಯಾಡ್ರಿ" ಎಂದಳು ಅಧಿಕಾರಿ. "ಮೊದಲ ಸ್ಕ್ರೀನ್‌ಶಾಟ್ ತಕ್ಕೋರಿ, ತಾರೀಖು ಟೈಮು ಕಾಣೂಹಂಗ. ಆ ಖಾತೆದ್ದು ಲಿಂಕ್ ತಗದ ಇಟ್ಕೋರಿ. ಹೆಸರು, ಫೋಟೋ ಯಾರರ ಬದಲಿಸ್ತಾರ, ಲಿಂಕ್ ಹಂಗೇ ಇರತೈತಿ. ಆಮ್ಯಾಲ ನಮಗ ಹೇಳ್ರಿ, ಸರ್ಕಾರದ ಪೋರ್ಟಲಿನ್ಯಾಗೂ ಹಾಕ್ರಿ. ರಿಪೋರ್ಟ್ ಒತ್ತೂದು ಕಡೀಗೆ. ಮೊದಲ ಅದನ್ನ ಒತ್ತಿದ್ರ ಕಳ್ಳನ ಹೆಜ್ಜಿ ನಾವೇ ಸಾರಿಸಿದ್ಹಂಗ."

ಸಾರಿಸಿದ ಹಾಗೆ. ಆಕೆಗೆ ನನ್ನ ಅಜ್ಜಿಯ ವಿಷಯ ಗೊತ್ತಿರಲಿಲ್ಲ.

"ಬ್ಯಾರೇದವರ ಹೆಸರು ಫೋಟೋ ಹಾಕ್ಕೊಂಡು ನಾನೇ ಅವರು ಅನ್ನೂದು ಅಪರಾಧ ಐತ್ರಿ. ಹೊಲಸ ಕಳಸೂದು ಇನ್ನೊಂದು ಅಪರಾಧ. ಬ್ಯಾಡ ಅಂದ ಹೆಣ್ಣಮಗಳ ಬೆನ್ನ ಹತ್ತೂದು ಮತ್ತೊಂದು. ಕಾಯ್ದೆ ನಿಮ್ಮ ಬಾಜೂನೇ ಐತಿ. ಖರೇ, ಅದಕ್ಕ ಕಣ್ಣಿಗೆ ಕಾಣೂದ ಬೇಕು. ನಿಮ್ಮ ಫೋನಿನ್ಯಾಗ ಇಲ್ಲಂದ್ರೂ ಬಂದವರ ಫೋನಿನ್ಯಾಗ ಇರತಾವ. ಹೋಗಿ ಕೇಳ್ರಿ."

ಹೋಗಿ ಕೇಳಬೇಕು. ನನ್ನ ಹೆಸರಿನಲ್ಲಿ ನಿಮಗೆ ಬಂದ ಹೊಲಸನ್ನು ದಯವಿಟ್ಟು ನನಗೆ ತೋರಿಸಿ ಎಂದು, ನನ್ನ ಮುಖ ತಪ್ಪಿಸುತ್ತಿದ್ದವರ ಮನೆಗೇ ಹೋಗಿ ಕೇಳಬೇಕು. ಖಾನಾಪುರದಲ್ಲಿ ಒಬ್ಬೊಬ್ಬರ ಮಷೀನಿನ ಪಕ್ಕ ನಿಂತು ಕೇಳಿದೆ. ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿ ಎಲ್ಲರೂ ಒಂದೇ ಉತ್ತರ ಕೊಟ್ಟರು: "ಅವತ್ತೇ ತಗದ ಒಗದ್ವಿ ಬಾಯಾರ. ಅಂಥಾದ್ದ ಯಾರ ಇಟ್ಕೋತಾರ್ರಿ ಮನ್ಯಾಗ?" ಅವರೂ ನನ್ನಂತೆಯೇ ಅಂಗಳ ಸಾರಿಸುವ ಮನೆಗಳ ಹೆಣ್ಣುಮಕ್ಕಳು.

ಉಳಿದದ್ದು ವೈನಿ. ತರಗತಿ ಮುಗಿಸಿ ಪಾರಿಶ್ವಾಡದ ಬಸ್ಸು ಹತ್ತಿದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಇನ್ನಷ್ಟು ತೆವಳಲಿ ಎಂದುಕೊಂಡೆ.

ಅಣ್ಣ ಹೊಲಕ್ಕೆ ಹೋಗಿದ್ದ. ವೈನಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ಕಂಡು ಎದ್ದರು, ನೀರು ಕೊಟ್ಟರು, ಕೂತರು, ಮತ್ತೆ ಸುಲಿಯತೊಡಗಿದರು. ಇಡೀ ಬುಟ್ಟಿ ನಮ್ಮಿಬ್ಬರ ನಡುವೆ ಇತ್ತು.

"ವೈನೀ, ನನ್ನ ಫೋಟೋ ಇದ್ದ ಖಾತೆಯಿಂದ ನಿಮಗೇನರ ಬಂದೈತೇನು?"

ಸುಲಿಯುವ ಕೈ ನಿಂತಿತು.

"ಅದ ನಾ ಅಲ್ಲ" ಎಂದೆ. ಎಷ್ಟೋ ಚೆನ್ನಾಗಿ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಬಂದದ್ದು ಇಷ್ಟೇ.

ವೈನಿ ನನ್ನ ಮುಖ ನೋಡಿದರು. "ನಿನ್ನ ಮಾರಿ ಇತ್ತವ್ವಾ ಅದರಾಗ. ನಾ ಮಾರಿ ನೋಡಿ ನಂಬಾಕಿ. ನಿಮ್ಮಣ್ಣನ ಬಗ್ಗೆ, ನನ್ನ ಬಗ್ಗೆ ಏನೇನ ಬರದಿತ್ತಂತಿ. ನಾ ಓದಿ ಓದಿ ಅತ್ತೆ. ಒಬ್ಬಾಕೀನೇ ಇದ್ದು ಇದ್ದು ನಮ್ಮ ತಂಗಿ ತಲಿ ಕೆಟ್ಟೈತಿ, ಹೋಗಿ ಕರಕೊಂಡ ಬರೂಣು ಅಂತ ನಿಮ್ಮಣ್ಣಗ ಹೇಳೂಣು ಅಂದ್ರ, ಹೆಂಗ ತೋರಸಲಿ ಅಂಥಾ ಮಾತು?"

"ಹಂಗಾದ್ರ ಅಳಿಸಿದ್ರಿ?"

"ಅಳಸಾಕ ಬಂದಿದ್ರ ಅಳಸತಿದ್ದಿಲ್ಲೇನ ನಾ!" ವೈನಿಗೆ ಸಿಟ್ಟು ಬಂತು. "ನಿಮ್ಮಣ್ಣ ತಂದ ಕೊಟ್ಟಾನ, ಹಸರ ಗುಂಡಿ ಒತ್ತು, ಕೆಂಪ ಗುಂಡಿ ಒತ್ತು ಅಂದಾನ. ಅಳಸೂದ ಯಾರ ಹೇಳಿಕೊಟ್ಟಾರ? ನೀ ಫೋನ್ ಮಾಡಿದ ಮ್ಯಾಲ, ನೋಡಾಕ ಆಗಲಾರದ ಜ್ವಾಳದ ಡಬ್ಬ್ಯಾಗ ಹುಗದ ಇಟ್ಟೇನಿ."

ಒಳಗೆ ಹೋದರು. ಡಬ್ಬಿಯ ಮುಚ್ಚಳದ ಸಪ್ಪಳ, ಜೋಳ ಸರಿದ ಸಪ್ಪಳ. ಮೊಬೈಲನ್ನು ಸೆರಗಿನಲ್ಲಿ ಹಿಡಿದು ತಂದರು, ಸತ್ತ ಇಲಿಯನ್ನು ತಂದ ಹಾಗೆ. ಚಾರ್ಜಿಗೆ ಹಾಕಿದೆವು. ಎಲ್ಲವೂ ಇದ್ದವು. ನನ್ನ ಫೋಟೋ, ನನ್ನ ಹೆಸರು, ತಾರೀಖು, ಹಳೆಯ ಖಾತೆ. ನಾನು ಓದಿದೆ. ನನ್ನ ಬಾಯಿಗೆ ಯಾರೋ ತುಂಬಿದ ಮಾತುಗಳನ್ನು, ಅಜ್ಜಿ ಕಥೆ ಹೇಳುತ್ತಿದ್ದ ಅದೇ ಪಡಸಾಲೆಯಲ್ಲಿ ಕೂತು ಓದಿದೆ. ವೈನಿ ಬುಟ್ಟಿ ಸರಿಸಿ ನನ್ನ ಪಕ್ಕ ಬಂದು ಕೂತರು.

ಮಾರನೆಯ ದಿನ ವೈನಿಯೇ ಹೊರಟು ನಿಂತರು. ಇಳಕಲ್ ಸೀರೆ ಉಟ್ಟು, ಮೊಬೈಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಠಾಣೆಗೆ ಬಂದರು. ಅಧಿಕಾರಿ ಅದನ್ನು ನೋಡಿ, "ಬಾಳ ಛಲೋ ಮಾಡೀರಿ, ಒಂದೂ ಅಳಿಸಿಲ್ಲ" ಎಂದಾಗ ವೈನಿ ಗಂಭೀರವಾಗಿ, "ಹೌದ್ರಿ ಮೇಡಮ್ಮಾರ, ಹಂಗೇ ಇಡಬೇಕಂತ ಇಟ್ಟಿದ್ದೆ" ಎಂದರು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಆಮೇಲೆ ನನ್ನ ಹೇಳಿಕೆ. ಅಧಿಕಾರಿ ಹಾಳೆ ತೆಗೆದುಕೊಂಡಳು. "ಮೊದಲಿಂದ ಹೇಳ್ರಿ. ಸಾವಕಾಶ."

ಹೇಳತೊಡಗಿದೆ. ಪುಟ ತೆರೆದದ್ದು, ಮೊದಲ ಹೂಂ ಬಂದದ್ದು. ಆಕೆ ಬರೆದುಕೊಳ್ಳುತ್ತ, ತಲೆ ಎತ್ತದೆ, "ಹೂಂ" ಎಂದಳು.

ನನ್ನ ಮಾತು ನಿಂತಿತು.

"ಹೂಂ, ಮುಂದ?"

ಸೆರಗು ಬಾಯಿಗೆ ಒತ್ತಿಕೊಂಡೆ. ನೀರು ಬೇಕೇನ್ರಿ ಎಂದು ಆಕೆ ಕೇಳಿದಳು. ಬೇಡ ಎಂದೆ. ಎಷ್ಟೋ ಕಾಲದ ಮೇಲೆ ಎದುರಿಗೆ ಕೂತವರೊಬ್ಬರು ನನ್ನ ಮಾತಿಗೆ ಹೂಂ ಅಂದಿದ್ದರು. ಆಕೆಗೆ ಅದು ದಿನದ ಕೆಲಸ. ನಾನು ಅಷ್ಟನ್ನೂ ಹೇಳಿದೆ, ಸೀರೆಯದ್ದು, ರೈಲಿನದ್ದು, ಒಂಟಿ ಹೆಂಗಸು ಅಂದದ್ದು. ಅಂಗಳ ಸಾರಿಸುತ್ತಿದ್ದ ಅಜ್ಜಿಯದ್ದೂ ಹೇಳಿದೆ. ಅದನ್ನು ಆಕೆ ಬರೆದುಕೊಳ್ಳಲಿಲ್ಲ, ಆದರೆ ಹೂಂ ಅಂದಳು.

ದೂರಿನ ಪ್ರತಿ ಕೈಗೆ ಬಂದ ಮೇಲೆ ಸಿಟಿ ಬಸ್ಸಿನಲ್ಲಿ ಹಿಂಡಲಗಾ ಕಡೆ ಬಂದೆವು. ಜೈಲಿನ ಗೋಡೆ ಕಂಡಾಗ ವೈನಿ ಕುತ್ತಿಗೆ ಉದ್ದ ಮಾಡಿದರು.

"ಅವನ್ನ ಇಲ್ಲೇ ಇಡತಾರೇನು?"

"ಇನ್ನ ಸಿಕ್ಕೇ ಇಲ್ಲ ವೈನೀ."

"ಸಿಕ್ಕ ಮ್ಯಾಲ ಇಲ್ಲಿ ಬ್ಯಾಡ. ನಿನ್ನ ಮನಿ ಹತ್ರ ಆಕತಿ. ಬ್ಯಾರೆ ಊರಾಗ ಇಡ್ರಿ ಅಂತ ಹೇಳೂಣು."

ಸಿಕ್ಕಿದ್ದು ಬಹಳ ದಿನಗಳ ಮೇಲೆ. ಅಧಿಕಾರಿ ನನ್ನನ್ನು ಕರೆಸಿ, ಸುಳ್ಳು ಖಾತೆಗಳೂ ಆ ಹೂಂ ಖಾತೆಯೂ ಒಂದೇ ಫೋನಿನಿಂದ ನಡೆದಿವೆ ಎಂದಳು. ಬೇರೆ ಜಿಲ್ಲೆಯವನು, ಹೆಂಡತಿ ಮಕ್ಕಳು ಇದ್ದವನು. ನನಗೆ ಆಶ್ಚರ್ಯವಾಗಲಿಲ್ಲ. ಆದರೂ ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ, ನನ್ನ ಕಥೆಗಳನ್ನು ಒಂದೂ ಬಿಡದೆ ಕೊನೆಯವರೆಗೂ ಕೇಳಿದವನು ಅವನೊಬ್ಬನೇ ಎಂಬುದು ನೆನಪಾಯಿತು. ಅದನ್ನು ಯಾರ ಮುಂದೆ ಹೇಳಲಿ?

ಸುಳ್ಳು ಖಾತೆ ಹೋಯಿತು. ಪ್ರಕರಣ ಕೋರ್ಟಿನಲ್ಲಿ ನಡೆದಿದೆ, ನಿಧಾನವಾಗಿ. ಅಧಿಕಾರಿಯ ಮಾತು ಕೇಳಿದ ದಿನದಿಂದ ಬಂದ ಒಂದು ಸಂದೇಶವನ್ನೂ ನಾನು ಅಳಿಸಿಲ್ಲ. ಅವು ಇರುವ ನನ್ನ ಹಳೆಯ ಮೊಬೈಲನ್ನು ಪ್ರಕರಣ ಮುಗಿಯುವವರೆಗೆ ಯಾರಿಗೂ ಕೊಡಬೇಡಿ, ರಿಪೇರಿಗೂ ಹಾಕಬೇಡಿ ಎಂದು ಠಾಣೆಯವರು ಹೇಳಿದ್ದಾರೆ. ಕಪಾಟಿನಲ್ಲಿದೆ. ಬೆಳಿಗ್ಗೆ ಸ್ನಾನ ಮಾಡಿ ಬಂದಾಗ ಕೈ ತಾನಾಗಿ ಅತ್ತ ಹೋಗುತ್ತದೆ. ತಡೆದುಕೊಂಡು, ಅದು ಅಲ್ಲಿ ಇರುವಾಗಲೇ ವಿಭೂತಿ ಹಚ್ಚಿಕೊಳ್ಳುತ್ತೇನೆ. ಬೈಗುಳ ಬಿದ್ದ ಅಂಗಳದಲ್ಲಿ ಪೂಜೆ. ಅಜ್ಜಿ ಇದ್ದಿದ್ದರೆ ಏನನ್ನುತ್ತಿದ್ದಳೋ.

ತರಗತಿ ಬಿಟ್ಟುಹೋದ ಇಬ್ಬರಲ್ಲಿ ಒಬ್ಬಳು ತಿರುಗಿ ಬಂದಳು. ಇನ್ನೊಬ್ಬಳು ಬರಲಿಲ್ಲ. ಮಾತು ಮೊದಲಿನಷ್ಟು ಇಲ್ಲ. ಸುಳ್ಳೆಂದು ಗೊತ್ತಾದ ಮೇಲೂ ಕೇಳಿದ್ದು ಕೇಳಿದ್ದೇ.

ಹೋದ ವಾರ ಹೊಸ ಮೊಬೈಲನ್ನು ಚಹಾಪುಡಿ ಡಬ್ಬಿಗೆ ಒರಗಿಸಿದೆ. ಯಾರೂ ಏನೂ ಬರೆಯಲಾಗದಂತೆ ಪುಟವನ್ನು ಮುಚ್ಚಿಸಿಕೊಂಡಿದ್ದೆ, ದೇಸೂರಿನ ಹುಡುಗಿಯೇ ಮಾಡಿಕೊಟ್ಟಳು. ರಾಜನ ಮಗನ ಕಥೆ ಎತ್ತಿಕೊಂಡೆ. ಈ ಸಲ ಒಂದಾನೊಂದು ಊರಿನಲ್ಲಿ ಎಂಬುದು ಬಾಯಿಗೆ ಬಂತು. ಅವನು ಕಾಡಿಗೆ ಹೊಕ್ಕ ಕಡೆ, ಅಭ್ಯಾಸಬಲದಿಂದ, ಹೂಂಗಾಗಿ ನಿಂತೆ. ಫ್ಯಾನು ತಿರುಗುತ್ತಿತ್ತು. ಮೇಲೆ ಕಾಕು ಪಾತ್ರೆ ಇಟ್ಟ ಸಪ್ಪಳ. ಯಾರೂ ಅನ್ನಲಿಲ್ಲ. ನಾನೇ ಅವನನ್ನು ಮುಂದೆ ನಡೆಸಿದೆ. ಮುಗಿಸಿದೆ.

ಮಾರನೆಯ ದಿನ ಸೋಮವಾರ. ವೈನಿಯ ಫೋನು ಬಂತು.

"ಅಲ್ಲ ತಂಗೀ, ಕಾಡಿನ್ಯಾಗ ಹೊಕ್ಕ ಕೂಡಲೇ ಯಾಕ ಸುಮ್ಮ ಕುಂತಿ? ನಾ ಹೂಂ ಅಂದದ್ದ ಕೇಳಸಲಿಲ್ಲೇನ?"

"ಅದರಾಗ ಕೇಳಸೂದಿಲ್ಲ ವೈನೀ."

"ಜೋರ್ಲೆ ಅಂದಿದ್ದೆ. ಎಮ್ಮಿ ಬೆಚ್ಚಿಬಿತ್ತು."